ಬ್ಯಾಂಡ್ ಸುಮ್ಮನಿತ್ತು, ಫ್ಯಾನ್‌ಗಳು ಮಾತಾಡಿದ್ರು

ಒಂದು ಬ್ಯಾಂಡ್ ಇಷ್ಟ ಆಗೋದು ದೊಡ್ಡ ವಿಷಯ ಅಲ್ಲ, ದಿನಾ ಯಾವುದೋ ಒಂದು ಇಷ್ಟ ಆಗುತ್ತೆ. ಆ ಬ್ಯಾಂಡನ್ನ ಹಚ್ಕೊಂಡಿರೋ ಜನಾನೂ ಅಷ್ಟೇ ಇಷ್ಟ ಆಗೋದು ಮಾತ್ರ ಅಪರೂಪ. ನನಗೆ ಹಾಗಾಗಿದ್ದು ಬೆಲ್ ಅಂಡ್ ಸೆಬಾಸ್ಟಿಯನ್ ವಿಷಯದಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಬ್ಯಾಂಡ್, 1996ರಲ್ಲಿ ಶುರುವಾಗಿದ್ದು, ಮೆಲ್ಲಗೆ ಹಾಡೋ ಒಬ್ಬ ಹಾಡುಗಾರ, ಗಿಟಾರ್, ಚೆಲ್ಲೋ, ಟ್ರಂಪೆಟ್, ಆರ್ಗನ್, ಹಾಡಿನ ತುಂಬಾ ಶಾಲೆ, ಬಸ್ಸು, ಚರ್ಚು, ಕಾಯಿಲೆ ಬಿದ್ದೋರು, ಯಾರ ಜೊತೆಗೂ ಸರಿಯಾಗಿ ಬೆರೆಯಕ್ಕಾಗದ ಹುಡುಗ ಹುಡುಗೀರು. ಅವ್ರ ಸಂಗೀತದ ಬಗ್ಗೆ ಬರೆದೋರು ಬೇಕಾದಷ್ಟು ಜನ ಇದಾರೆ, ನಾನು ಬರೀಬೇಕು ಅಂದ್ಕೊಂಡಿರೋದು ಅವ್ರ ಫ್ಯಾನ್‌ಗಳ ಬಗ್ಗೆ, ಯಾಕಂದ್ರೆ ಈ ಬ್ಯಾಂಡ್ ಬೆಳೆದಿದ್ದರಲ್ಲಿ ಅವ್ರ ಪಾಲು ಎಷ್ಟಿದೆ ಅಂತ ನೋಡಿದಾಗೆಲ್ಲಾ ಆಶ್ಚರ್ಯ ಆಗುತ್ತೆ.

ಶುರುವಿನ ಕಥೆ ಗೊತ್ತಿಲ್ಲದೋರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ಬ್ಯಾಂಡಿನ ಹಾಡುಗಾರ ಸ್ಟುವರ್ಟ್ ಮರ್ಡಾಕ್ ಯೂನಿವರ್ಸಿಟಿ ಓದೋ ಕಾಲಕ್ಕೆ ಎಂಇ ಅಂತಾರಲ್ಲ, ಮೈಯ ಶಕ್ತಿಯನ್ನೆಲ್ಲಾ ಹೀರಿ ಹಾಸಿಗೆ ಹಿಡಿಸೋ ಕಾಯಿಲೆ, ಅದಕ್ಕೆ ಸಿಕ್ಕಿಬಿದ್ರು. ಸುಮಾರು ಏಳು ವರ್ಷ ಓದಿಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ. ಆ ಖಾಲಿ ವರ್ಷಗಳಲ್ಲೇ ಹಾಡು ಬರೆಯೋದನ್ನ ಕಲಿತಿದ್ದು. ಸ್ವಲ್ಪ ಚೇತರಿಸ್ಕೊಂಡ ಮೇಲೆ ನಿರುದ್ಯೋಗಿಗಳಿಗೆ ಅಂತ ನಡೀತಿದ್ದ ಒಂದು ಮ್ಯೂಸಿಕ್ ಕೋರ್ಸ್‌ನಲ್ಲಿ ಸ್ಟುವರ್ಟ್ ಡೇವಿಡ್ ಸಿಕ್ಕಿದ್ರು, ಇಬ್ರೂ ಸೇರಿ ಡೆಮೋ ಮಾಡಿದ್ರು. ಅದು ಅಲ್ಲಿನ ಸ್ಟೋ ಕಾಲೇಜಿನ ಮ್ಯೂಸಿಕ್ ಬಿಸಿನೆಸ್ ಕೋರ್ಸಿನೋರ ಕೈಗೆ ಹೋಯ್ತು. ಆ ಕೋರ್ಸಿನ ವಿದ್ಯಾರ್ಥಿಗಳು ಎಲೆಕ್ಟ್ರಿಕ್ ಹನಿ ಅನ್ನೋ ತಮ್ಮದೇ ಲೇಬಲ್‌ನಲ್ಲಿ ವರ್ಷಕ್ಕೊಂದು ಸಿಂಗಲ್ ತರ್ತಿದ್ರು, ಈ ಸಲ ಮರ್ಡಾಕ್ ಹತ್ರ ಇಷ್ಟೊಂದು ಹಾಡಿದೆ ಅಂತ ಆಲ್ಬಮ್ಮೇ ಮಾಡೋಣ ಅಂದ್ರು. ಕೆಲವೇ ದಿನದಲ್ಲಿ ರೆಕಾರ್ಡಿಂಗ್ ಮುಗೀತು. ಅದೇ ಟೈಗರ್‌ಮಿಲ್ಕ್. 1996ರ ಜೂನ್‌ನಲ್ಲಿ ಬಂತು, ಒತ್ತಿಸಿದ್ದು ವಿನೈಲ್‌ನಲ್ಲಿ 1,000 ಪ್ರತಿ, ಅಷ್ಟೇ.

ಈ 1,000 ಅನ್ನೋ ಸಂಖ್ಯೆ ಮನಸ್ಸಲ್ಲಿ ಇಟ್ಕೊಳಿ, ಮುಂದಿನದ್ದೆಲ್ಲಾ ಇದರಿಂದಾನೇ ಹುಟ್ಟಿದ್ದು. ಅದೇ ವರ್ಷ ನವೆಂಬರ್‌ನಲ್ಲಿ ಎರಡನೇ ಆಲ್ಬಮ್ ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್ ಬಂತು, ಜೀಪ್‌ಸ್ಟರ್ ಅನ್ನೋ ಲೇಬಲ್‌ನಿಂದ, ಅದು ಅಂಗಡಿಗಳಲ್ಲಿ ಸಿಗ್ತಿತ್ತು, ಜನ ಕೇಳಿ ಹುಚ್ಚರಾದ್ರು, ಈ ಬ್ಯಾಂಡಿನ ಮೊದಲ ಆಲ್ಬಮ್ ಎಲ್ಲಿ ಅಂತ ಹುಡುಕಿದ್ರೆ ಎಲ್ಲೂ ಇಲ್ಲ. ಬ್ಯಾಂಡನ್ನೇ ಕೇಳೋಣ ಅಂದ್ರೆ ಬ್ಯಾಂಡ್ ಮಾತೇ ಆಡಲ್ಲ. ಆಗ ಅವ್ರು ಸಂದರ್ಶನ ಕೊಡೋದು ಇಲ್ಲವೇ ಇಲ್ಲ ಅನ್ನೋ ಹಾಗೆ, ಪತ್ರಿಕೆಗೆ ಅಂತ ಫೋಟೋಗೆ ನಿಲ್ಲೋದೂ ಇಲ್ಲ, ದೊಡ್ಡ ಟೂರ್ ಅಂತೂ ದೂರದ ಮಾತು. ಆಗಿನ ಬ್ರಿಟನ್‌ನಲ್ಲಿ ಓಯಸಿಸ್, ಬ್ಲರ್ ತರದವರು ದಿನಾ ಪತ್ರಿಕೆಯಲ್ಲಿ ಇರ್ತಿದ್ರು, ಒಬ್ಬರಿಗೊಬ್ಬರು ಬೈಕೊಂಡ್ರೂ ಮುಖಪುಟ. ಇವ್ರು ಮಾತ್ರ ಬಾಗಿಲು ಹಾಕ್ಕೊಂಡು ಕೂತ್ರು. ಇದು ಪ್ರಚಾರದ ಗಿಮಿಕ್ಕು ಅಂತ ಹೇಳೋರು ಇದಾರೆ. ನಾನಂತೂ ಒಪ್ಪಲ್ಲ. ಏಳು ವರ್ಷ ಮಲಗಿ ಎದ್ದಿರೋ ಮನುಷ್ಯ, ಚರ್ಚ್ ಹಾಲಿನ ಮೇಲಿನ ಮನೆಯಲ್ಲಿ ಅಲ್ಲಿನ ಉಸ್ತುವಾರಿ ನೋಡ್ಕೊಂಡು ಇದ್ದವ್ರು, ತನ್ನ ಶಕ್ತಿಯನ್ನ ಎಲ್ಲಿ ಖರ್ಚು ಮಾಡ್ಬೇಕು ಅಂತ ಲೆಕ್ಕ ಹಾಕದೇ ಇರ್ತಾರಾ? ಹಾಡಿಗೆ ಕೊಟ್ರು, ಉಳಿದಿದ್ದಕ್ಕೆ ಕೊಡ್ಲಿಲ್ಲ.

ಹೀಗಾಗಿ ಕೇಳುಗರ ಕೈಯಲ್ಲಿ ಉಳಿದಿದ್ದು ಹಾಡು ಮತ್ತು ಕವರ್, ಎರಡೇ. ಆ ಕವರ್‌ಗಳನ್ನ ನೋಡಿದೋರಿಗೆ ಗೊತ್ತು, ಹಳೇ ಸಿನಿಮಾದ ಸ್ಟಿಲ್ ತರ ಇರೋ ಒಂದು ಫೋಟೋ, ಒಂದೇ ಬಣ್ಣದಲ್ಲಿ ಅದ್ದಿ ತೆಗೆದಿರ್ತಾರೆ, ಅದ್ರಲ್ಲಿ ಬ್ಯಾಂಡಿನ ಹಾಡುಗಾರ ಇರಲ್ಲ, ಯಾರೋ ಗೆಳೆಯರು ಇರ್ತಾರೆ. ಟೈಗರ್‌ಮಿಲ್ಕ್ ಕವರ್‌ನಲ್ಲಿ ಒಬ್ಬಾಕೆ ಆಟದ ಹುಲಿಮರಿಗೆ ಹಾಲೂಡಿಸ್ತಿದಾಳೆ. ಸಿನಿಸ್ಟರ್ ಕೆಂಪು, 1998ರ ದ ಬಾಯ್ ವಿತ್ ದ ಅರಬ್ ಸ್ಟ್ರಾಪ್ ಹಸಿರು. ಫ್ಯಾನ್‌ಗಳ ನಡುವೆ ಕೆಂಪುದು, ಹಸಿರುದು ಅಂದ್ರೂ ಸಾಕು, ಗೊತ್ತಾಗುತ್ತೆ. ಟೈಗರ್‌ಮಿಲ್ಕ್ ಜೊತೆ ಒಂದು ಪುಟ್ಟ ಕಥೆ ಅಚ್ಚಾಗಿದೆ. ಅದ್ರಲ್ಲಿ ಸೆಬಾಸ್ಟಿಯನ್ ಅನ್ನೋ ಹುಡುಗ ಗ್ಲಾಸ್ಗೋದ ಹಿಲ್‌ಹೆಡ್ ಸಬ್‌ವೇ ಸ್ಟೇಷನ್ ಹೊರಗೆ ಇಸಬೆಲ್ ಅನ್ನೋ ಹುಡುಗಿಯನ್ನ ಭೇಟಿ ಆಗ್ತಾನೆ, ಇಬ್ರೂ ಸೇರಿ ಹಾಡು ಕಟ್ಟಕ್ಕೆ ಶುರು ಮಾಡ್ತಾರೆ. ಹಿಲ್‌ಹೆಡ್ ನಿಜವಾದ ಸ್ಟೇಷನ್, ಬೈರ್ಸ್ ರೋಡಲ್ಲಿದೆ, ಯೂನಿವರ್ಸಿಟಿ ಹತ್ರ. ಬ್ಯಾಂಡಿನಲ್ಲಿ ಚೆಲ್ಲೋ ಬಾರಿಸ್ತಿದ್ದವರ ಹೆಸ್ರು ಇಸೊಬೆಲ್ ಕ್ಯಾಂಪ್‌ಬೆಲ್. ಹಾಗಾದ್ರೆ ಕಥೆ ನಿಜಾನಾ? ಸೆಬಾಸ್ಟಿಯನ್ ಅಂದ್ರೆ ಮರ್ಡಾಕ್ ಅವ್ರೇನಾ? ಉತ್ತರ ಕೊಡೋರು ಯಾರೂ ಇಲ್ಲ. ಹಾಗೆ ಉತ್ತರ ಇಲ್ಲದೇ ಉಳಿದ ಪ್ರಶ್ನೆ ಹಿಡ್ಕೊಂಡು ಜನ ಏನ್ ಮಾಡ್ತಾರೆ? ಪಕ್ಕದಲ್ಲಿರೋರನ್ನ ಕೇಳ್ತಾರೆ, ಪಕ್ಕದಲ್ಲಿ ಯಾರೂ ಇಲ್ದಿದ್ರೆ ಹುಡುಕ್ಕೊಂಡು ಹೋಗ್ತಾರೆ. ಫ್ಯಾನ್‌ಗಳು ಒಬ್ಬರಿಗೊಬ್ಬರು ಸಿಕ್ಕಿದ್ದು ಹೀಗೆ.

ಇನ್ನು ಟೇಪಿನ ವಿಷಯ. ಇದರ ಬಗ್ಗೆ ಎಷ್ಟು ಬರೆದ್ರೂ ನನಗೆ ಸಾಲದು.

1996ರಿಂದ 1999ರ ತನಕ ಟೈಗರ್‌ಮಿಲ್ಕ್ ಕೇಳಿದೋರಲ್ಲಿ ಹೆಚ್ಚಿನೋರು ಕೇಳಿದ್ದು ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್‌ನಲ್ಲಿ. ಆ 1,000 ರೆಕಾರ್ಡಿನಲ್ಲಿ ಒಂದು ಯಾರ ಹತ್ರಾನೋ ಇದೆ, ಅವ್ರು ಅದನ್ನ ಕ್ಯಾಸೆಟ್‌ಗೆ ಇಳಿಸ್ತಾರೆ, ಆ ಕ್ಯಾಸೆಟ್‌ನಿಂದ ಇನ್ನೊಂದು, ಇನ್ನೊಂದರಿಂದ ಮತ್ತೊಂದು. ಕ್ಯಾಸೆಟ್ ಕಾಪಿ ಮಾಡಿದೋರಿಗೆ ಗೊತ್ತಿರುತ್ತೆ, ಒಂದೊಂದು ಕಾಪಿಗೂ ಹಿಸ್ಸ್ ಅನ್ನೋ ಸದ್ದು ಒಂದು ಪದರ ಜಾಸ್ತಿ ಆಗುತ್ತೆ, ಮೇಲಿನ ಸ್ವರಗಳ ಹೊಳಪು ಸ್ವಲ್ಪ ಹೋಗುತ್ತೆ, ಎರಡು ಡೆಕ್‌ಗಳ ಸ್ಪೀಡ್ ಕೂದಲೆಳೆಯಷ್ಟು ಬೇರೆ ಇದ್ರೂ ಹಾಡಿನ ಶ್ರುತಿ ಏರುತ್ತೆ ಇಲ್ಲಾ ಇಳಿಯುತ್ತೆ, ಹೆಡ್ ಸರಿಯಾದ ಕೋನದಲ್ಲಿ ಕೂತಿಲ್ಲ ಅಂದ್ರಂತೂ ಇಡೀ ಹಾಡು ಕಂಬಳಿ ಹೊದ್ದ ಹಾಗೆ ಕೇಳುತ್ತೆ. ಜೋರು ಗದ್ದಲದ ಸಂಗೀತ ಆಗಿದ್ರೆ ಇದು ಅಷ್ಟು ಗೊತ್ತಾಗಲ್ಲ. ಆದ್ರೆ ಈ ಆಲ್ಬಮ್‌ನ ಮೊದಲ ಹಾಡು ಶುರುವಾಗೋದೇ ಬರೀ ದನಿ ಮತ್ತು ಗಿಟಾರ್‌ನಿಂದ, ಅದೂ ಪಿಸುಮಾತಿನಷ್ಟು ಸಣ್ಣಗೆ. ನಾಲ್ಕನೇ, ಐದನೇ ಕಾಪಿಯಲ್ಲಿ ಆ ಶುರು ಹಿಸ್ಸ್ ಒಳಗೇ ಮುಳುಗಿ ಹೋಗ್ತಿತ್ತು. ಹಾಗಾಗಿ ಹತ್ತಿರ ಕೂತು, ದನಿ ಏರಿಸಿ, ಕಿವಿಗೊಟ್ಟು ಕೇಳ್ಬೇಕಿತ್ತು. ಹಾಗೆ ಕೇಳಿದ ಹಾಡನ್ನ ಯಾರು ಮರೀತಾರೆ ಹೇಳಿ.

ಇನ್ನೊಂದು ವಿಷಯ. ಆಲ್ಬಮ್ ಸುಮಾರು 41 ನಿಮಿಷ, 90 ನಿಮಿಷದ ಕ್ಯಾಸೆಟ್‌ನ ಒಂದು ಬದಿ 45 ನಿಮಿಷ. ಅಂದ್ರೆ ಇಡೀ ಆಲ್ಬಮ್ ಒಂದು ಬದಿಯಲ್ಲಿ ಹಿಡಿಸುತ್ತೆ, ಇನ್ನೊಂದು ಬದಿ ಪೂರ್ತಿ ಖಾಲಿ. ಖಾಲಿ ಬಿಟ್ಟು ಕಳ್ಸೋ ಫ್ಯಾನ್ ಇರಲ್ಲ, ಅದು ಸಾಧ್ಯಾನೇ ಇಲ್ಲ. ಆ ಬದಿಗೆ ತಮಗಿಷ್ಟದ ಹಾಡು ತುಂಬ್ತಿದ್ರು, ಎದುರಿನೋರು ಯಾರು, ಅವ್ರಿಗೆ ಏನು ಹಿಡಿಸ್ಬೋದು ಅಂತ ಯೋಚಿಸಿ ಯೋಚಿಸಿ. ಹಾಗಾಗಿ ಟೈಗರ್‌ಮಿಲ್ಕ್ ಎಲ್ಲಿಗೆ ಹೋದ್ರೂ ಒಬ್ಬ ಮನುಷ್ಯನ ಅಭಿರುಚಿಯನ್ನ ಬೆನ್ನಿಗೆ ಕಟ್ಕೊಂಡೇ ಹೋಗ್ತಿತ್ತು.

ನನ್ನ ಹತ್ರಾನೂ ಅಂಥದ್ದೊಂದು ಕ್ಯಾಸೆಟ್ ಇದೆ. ಕಳ್ಸಿದವಳನ್ನ ಆಗ ನಾನು ನೋಡಿರಲಿಲ್ಲ, ಈ ಬ್ಯಾಂಡಿನ ಮಾತಿನಿಂದಾನೇ ಪರಿಚಯ. ಒಳಗಿನ ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಡುಗಳ ಹೆಸ್ರು, ಮೊದಮೊದಲು ದುಂಡಗೆ, ಅಗಲಕ್ಕೆ, ಕೊನೇ ಎರಡು ಬರೋ ಹೊತ್ತಿಗೆ ಜಾಗ ಮುಗಿದು ಅಂಚಿನಲ್ಲಿ ಅಡ್ಡಡ್ಡ ಬರೆದಿದಾಳೆ. ನೀಲಿ ಇಂಕು ಒಂದು ಕಡೆ ಒದ್ದೆಯಾಗಿ ಹರಡಿದೆ. ಎರಡನೇ ಬದಿಯಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಜಾಗದಲ್ಲಿ ಪಾಸ್ ಬಟನ್ ಒತ್ತಿದ ಟಕ್ ಅನ್ನೋ ಸದ್ದು ಇದೆ, ಅದಾದ ಮೇಲೆ ಮೊದಲ ಸ್ವರ ಅರ್ಧ ಕಚ್ಚಿ ಹೋಗಿದೆ. ಆ ಹಾಡನ್ನ ಆಮೇಲೆ ಸಿಡಿಯಲ್ಲೂ ಕೇಳಿದೀನಿ, ಎಲ್ಲಾ ಚೊಕ್ಕವಾಗಿದೆ, ಆದ್ರೂ ಕಿವಿ ಆ ಟಕ್‌ಗೋಸ್ಕರ ಕಾಯುತ್ತೆ. ಬ್ಯಾಂಡಿನ ಬಗ್ಗೆ ಶುರುವಾದ ನಮ್ಮ ಮಾತು ನಿಧಾನವಾಗಿ ಓದು, ಕೆಲಸ, ಅಪ್ಪ ಅಮ್ಮನ ಆರೋಗ್ಯ, ಒಬ್ಬರೇ ಇರೋದು, ಎಲ್ಲಾ ಕಡೆ ಹರೀತು. ಈಗ ನಾವು ಮಾತಾಡೋದ್ರಲ್ಲಿ ಬ್ಯಾಂಡಿನ ಪಾಲು ಸ್ವಲ್ಪಾನೇ, ಆದ್ರೆ ಹೊಸ ಆಲ್ಬಮ್ ಬಂದ ದಿನ ಮಾತ್ರ ಇಬ್ರಿಗೂ ಬೇರೆ ಕೆಲಸ ಇರಲ್ಲ.

ಹಾಡಿನ ನೆಪದಲ್ಲಿ ಜನ ಹೀಗೆ ಒಬ್ಬರಿಗೊಬ್ಬರು ಹತ್ತಿರ ಆಗೋದು ಇಂಡೀ ಪಾಪ್‌ನಲ್ಲಿ, ಅಂದ್ರೆ ದೊಡ್ಡ ಕಂಪನಿಗಳ ಹೊರಗೆ ಸಣ್ಣ ಲೇಬಲ್‌ಗಳಲ್ಲಿ ಬರೋ ಪಾಪ್‌ನಲ್ಲಿ, ಮೊದಲಿಂದಾನೂ ಇರೋ ಗುಣ. ಬ್ರಿಸ್ಟಲ್‌ನಲ್ಲಿ 1987ರಿಂದ 1995ರ ತನಕ ಸಾರಾ ರೆಕಾರ್ಡ್ಸ್ ಅಂತ ಒಂದು ಲೇಬಲ್ ಇತ್ತು, ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ನಡೆಸಿದ್ದು. ಹೆಚ್ಚಿನದು ಏಳಿಂಚಿನ ಸಿಂಗಲ್‌ಗಳು, ಮಡಚಿದ ಕಾಗದದ ಕವರ್, ಒಳಗೆ ಇಬ್ರೂ ಕೇಳುಗರಿಗೇ ಬರೆದ ಚೀಟಿ. ಅವ್ರ ಕ್ಯಾಟಲಾಗಿನ ನಂಬರ್‌ಗಳಲ್ಲಿ ಕೆಲವು ಹಾಡಿಗಲ್ಲ, ಫ್ಯಾನ್‌ಜೀನ್‌ಗೆ, ಅಂದ್ರೆ ಸಂಗೀತ ಹಚ್ಕೊಂಡೋರು ತಾವೇ ಬರೆದು ಅಚ್ಚು ಹಾಕೋ ಪುಟ್ಟ ಪತ್ರಿಕೆಗೆ ಕೊಟ್ಟಿದ್ದು, ಅಂದ್ರೆ ಹಾಡಿನ ಬಗ್ಗೆ ಆಡೋ ಮಾತಿಗೂ ಹಾಡಿನಷ್ಟೇ ಸ್ಥಾನ. 50ನೇ ನಂಬರ್ ಒಂದು ಬೋರ್ಡ್ ಗೇಮ್! 100ನೇ ನಂಬರ್ ಬಂದ ಕೂಡ್ಲೇ ಲೇಬಲ್ ಮುಚ್ಚಿದ್ರು, ಮುಚ್ತಿದೀವಿ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು. ಗ್ಲಾಸ್ಗೋದಲ್ಲೂ ಇದಕ್ಕೆ ಮುಂಚೆ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್ ಅನ್ನೋ ಲೇಬಲ್ ಇತ್ತು, ಆರೆಂಜ್ ಜ್ಯೂಸ್, ದ ಪ್ಯಾಸ್ಟಲ್ಸ್ ಅನ್ನೋ ಬ್ಯಾಂಡ್‌ಗಳಿದ್ವು. ಬೆಲ್ ಅಂಡ್ ಸೆಬಾಸ್ಟಿಯನ್ ಬಂದಾಗ ಗೊಬ್ಬರ ಬಿದ್ದ ನೆಲ ತಯಾರಿತ್ತು ಅನ್ನಿ.

ಈ ಮೆತ್ತಗಿನ ಜನರ ಬಲ ಎಷ್ಟು ಅಂತ ಹೊರಗಿನೋರಿಗೆ ಗೊತ್ತಾಗಿದ್ದು ಬ್ರಿಟನ್ನಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಬ್ರಿಟ್‌ನಲ್ಲಿ, 1999ರಲ್ಲಿ. ಹೊಸಬರಿಗೆ ಕೊಡೋ ಪ್ರಶಸ್ತಿ, ಸಾರ್ವಜನಿಕರ ಮತದಾನ, ಇಂಟರ್ನೆಟ್‌ನಲ್ಲೂ ವೋಟ್ ಹಾಕ್ಬೋದಿತ್ತು. ಎದುರಿಗೆ ಸ್ಟೆಪ್ಸ್, ಫೈವ್ ತರದ ದೊಡ್ಡ ಪಾಪ್ ಗುಂಪುಗಳು, ಟಿವಿಯಲ್ಲಿ ಅವ್ರೇ, ರೇಡಿಯೋದಲ್ಲೂ ಅವ್ರೇ. ಫಲಿತಾಂಶ ಬಂದಾಗ ಗೆದ್ದಿದ್ದು ಬೆಲ್ ಅಂಡ್ ಸೆಬಾಸ್ಟಿಯನ್, ಅದೂ ಮೂರು ಆಲ್ಬಮ್ ಮಾಡಿ ಮುಗಿಸಿದ್ದ ‘ಹೊಸಬರು’. ಪ್ರಶಸ್ತಿ ತಗೊಳ್ಳಕ್ಕೆ ಮರ್ಡಾಕ್ ಹೋಗ್ಲಿಲ್ಲ, ಡ್ರಮ್ಮರ್ ರಿಚರ್ಡ್ ಕೋಲ್‌ಬರ್ನ್ ಮತ್ತು ಟ್ರಂಪೆಟ್‌ನ ಮಿಕ್ ಕುಕ್ ಹೋಗಿ ತಗೊಂಡ್ರು. ಸ್ಟೆಪ್ಸ್ ಕಡೆಯೋರು ವೋಟಿನಲ್ಲಿ ಮೋಸ ಆಗಿದೆ ಅಂತ ಕೂಗಾಡಿದ್ರು. ನನಗೆ ಇದು ಮೋಸ ಅಂತ ಯಾವತ್ತೂ ಅನ್ಸಿಲ್ಲ. ಮಾರಾಟ ಎಷ್ಟು ಅನ್ನೋದು ಒಂದು ಲೆಕ್ಕ, ಒಬ್ಬ ಕೇಳುಗ ಆ ಬ್ಯಾಂಡಿಗೋಸ್ಕರ ಎದ್ದು ಹೋಗಿ ಒಂದು ಕೆಲಸ ಮಾಡ್ತಾನಾ ಅನ್ನೋದು ಇನ್ನೊಂದು ಲೆಕ್ಕ, ವೋಟು ಎಣಿಸಿದ್ದು ಎರಡನೆಯದನ್ನ. ಮೂರು ವರ್ಷ ಕೂತು ಕ್ಯಾಸೆಟ್ ಕಾಪಿ ಮಾಡಿ ಹಂಚಿದ ಜನಕ್ಕೆ ಒಂದು ವೋಟ್ ಹಾಕೋದು, ನಾಲ್ಕು ಜನಕ್ಕೆ ಹೇಳಿ ಹಾಕ್ಸೋದು ಯಾವ ಮಹಾ ಕೆಲಸ.

ಅದೇ ವರ್ಷ ಏಪ್ರಿಲ್‌ನಲ್ಲಿ ಬೌಲಿ ವೀಕೆಂಡರ್ ಆಯ್ತು. ಇಂಗ್ಲೆಂಡಿನ ದಕ್ಷಿಣ ಕಡಲ ತೀರದ ಕ್ಯಾಂಬರ್ ಸ್ಯಾಂಡ್ಸ್‌ನಲ್ಲಿ ಪಾಂಟಿನ್ಸ್ ಅನ್ನೋ ಹಾಲಿಡೇ ಕ್ಯಾಂಪ್ ಇತ್ತು, ಬೇಸಿಗೆ ರಜೆಗೆ ಸಂಸಾರ ಸಮೇತ ಬಂದು ಇರ್ತಿದ್ದ ಜಾಗ, ಸಾಲು ಸಾಲು ಪುಟ್ಟ ಮನೆಗಳು. ಬೆಲ್ ಅಂಡ್ ಸೆಬಾಸ್ಟಿಯನ್‌ನೋರು ಅಲ್ಲಿ ತಮಗಿಷ್ಟದ ಬ್ಯಾಂಡುಗಳನ್ನ ಕರೆದು ಫೆಸ್ಟಿವಲ್ ಮಾಡಿದ್ರು. ಫ್ಲೇಮಿಂಗ್ ಲಿಪ್ಸ್, ಮರ್ಕ್ಯುರಿ ರೆವ್, ಟೀನೇಜ್ ಫ್ಯಾನ್‌ಕ್ಲಬ್, ಮಾಗ್ವಾಯ್, ಪ್ಯಾಸ್ಟಲ್ಸ್, ಎಲ್ಲರೂ ಬಂದ್ರು. ಮಣ್ಣಲ್ಲಿ ಟೆಂಟ್ ಹಾಕೋ ಗೋಳಿಲ್ಲ. ಹಾಡೋರೂ ಕೇಳೋರೂ ಅದೇ ಸಾಲು ಮನೆಗಳಲ್ಲಿ, ಬೆಳಿಗ್ಗೆ ಅದೇ ದಾರಿಯಲ್ಲಿ ಎದುರಾಗೋದು. ವರ್ಷಗಟ್ಟಲೆ ಅಕ್ಷರದಲ್ಲಷ್ಟೇ ಪರಿಚಯ ಇದ್ದ ಫ್ಯಾನ್‌ಗಳು ಮುಖ ನೋಡಿದ್ದು ಅಲ್ಲಿ. ಅದೇ ಮಾದರಿ ಮರುವರ್ಷದಿಂದ ಆಲ್ ಟುಮಾರೋಸ್ ಪಾರ್ಟೀಸ್ ಅನ್ನೋ ಫೆಸ್ಟಿವಲ್ ಆಗಿ ಬೆಳೀತು. ಬೌಲಿ ಮತ್ತೆ ಆಗಿದ್ದು 2010ರಲ್ಲಿ, ಮೈನ್‌ಹೆಡ್‌ನಲ್ಲಿ. 2019ರಲ್ಲಂತೂ ಹಡಗಿನ ಮೇಲೇ ಮಾಡಿದ್ರು, ಬಾರ್ಸಿಲೋನಾದಿಂದ ಸಾರ್ಡಿನಿಯಾ ಕಡೆಗೆ.

1999ರಲ್ಲೇ ಟೈಗರ್‌ಮಿಲ್ಕ್ ಮತ್ತೆ ಅಚ್ಚಾಗಿ ಎಲ್ಲರಿಗೂ ಸಿಕ್ತು. ಇಲ್ಲಿ ಫ್ಯಾನ್‌ಗಳ ಇನ್ನೊಂದು ಮುಖಾನೂ ಹೇಳ್ಬೇಕು. ಕೆಲವ್ರಿಗೆ ಸಂಕಟ ಆಯ್ತು. ಕಷ್ಟಪಟ್ಟು ಸಂಪಾದಿಸಿದ್ದು ಈಗ ಅಂಗಡೀಲಿ ಯಾರು ಬೇಕಾದ್ರೂ ಕೊಳ್ಬೋದು ಅಂದಾಗ ಒಳಗೆ ಏನೋ ಚುರುಕ್ ಅನ್ನೋದು ಸಹಜ, ಆ ನೋವನ್ನ ನಾನು ಹೀಯಾಳಿಸಲ್ಲ. ಆಮೇಲೆ ಸ್ಟುವರ್ಟ್ ಡೇವಿಡ್ ಬಿಟ್ರು, 2002ರಲ್ಲಿ ಇಸೊಬೆಲ್ ಬಿಟ್ರು, 2003ರ ಡಿಯರ್ ಕಟಾಸ್ಟ್ರಫಿ ವೇಟ್ರೆಸ್ ಆಲ್ಬಮ್‌ಗೆ ಟ್ರೆವರ್ ಹಾರ್ನ್ ಪ್ರೊಡ್ಯೂಸರ್ ಆದ್ರು, ಎಂಬತ್ತರ ದಶಕದ ಥಳಥಳ ಪಾಪ್ ಮಾಡಿದ ಮನುಷ್ಯ. ಹಾಡಿಗೆ ಹೊಳಪು ಬಂತು, ದನಿ ಮುಂದೆ ಬಂತು, ಬ್ಯಾಂಡ್ ಸಂದರ್ಶನಾನೂ ಕೊಡಕ್ಕೆ ಶುರು ಮಾಡ್ತು. ನಮ್ಮ ಬ್ಯಾಂಡ್ ನಮ್ಮ ಕೈ ತಪ್ಪಿ ಹೋಯ್ತು ಅಂತ ಎಷ್ಟೋ ಜನ ಅಲ್ಲೇ ನಿಂತುಬಿಟ್ರು. ನಾನು ಅವ್ರ ಪಕ್ಷ ಅಲ್ಲ. ಹಾಸಿಗೆ ಹಿಡಿದು ಎದ್ದ ಒಬ್ಬ ಮನುಷ್ಯ ಗಂಟಲು ತೆರೆದು ಹಾಡೋವಷ್ಟು ಗಟ್ಟಿಯಾದ್ರೆ, ಮೊದಲಿನ ಬಡಕಲು ದನಿಯೇ ಚೆನ್ನಾಗಿತ್ತು ಅಂತ ಹೇಗೆ ಹೇಳೋದು? ಹಳೇ ಆಲ್ಬಮ್ ನನಗೂ ಹೆಚ್ಚು ಇಷ್ಟ, ಅದು ಬೇರೆ ಮಾತು. ಆದ್ರೆ ಆ ಹೊಸ ಆಲ್ಬಮ್‌ನಲ್ಲಿ ಕೇಳೋದು ಆರೋಗ್ಯ, ಅದನ್ನ ಕೇಳಿ ನನಗೆ ಖುಷಿಯೇ ಆಯ್ತು.

ಕಾಯಿಲೆ ವಿಷಯ ಬಂತಲ್ಲ, ಇದನ್ನ ಇಲ್ಲೇ ಹೇಳ್ಬಿಡ್ತೀನಿ. ಈ ಬ್ಯಾಂಡಿನ ಫ್ಯಾನ್‌ಗಳಲ್ಲಿ ಮನೆ ಬಿಟ್ಟು ಹೊರಗೆ ಹೋಗಕ್ಕಾಗದೋರು, ಬಹಳ ದಿನದಿಂದ ಹುಷಾರಿಲ್ಲದೋರು, ಜನರ ಮಧ್ಯೆ ನಿಂತ್ರೆ ಉಸಿರು ಕಟ್ಟೋರು ಇದಾರೆ. ಅವ್ರಿಗೆ ಈ ಹಾಡುಗಳು ಬರೀ ಚೆನ್ನಾಗಿರೋ ಹಾಡಲ್ಲ, ಅದೇ ಸ್ಥಿತಿಯಲ್ಲಿ ಮಲಗಿದ್ದ ಒಬ್ಬರು ಅಲ್ಲಿಂದಲೇ ಬರೆದ ಹಾಡು. ಮರ್ಡಾಕ್ ಆಮೇಲೆ ಎಂಇ ಬಗ್ಗೆ ಬಾಯಿ ಬಿಟ್ಟು ಮಾತಾಡಿದಾರೆ, ಆ ವರ್ಷಗಳನ್ನೇ ಆಧರಿಸಿ ಬರೆದ ಕಾದಂಬರಿ 2024ರಲ್ಲಿ ಬಂತು. ಮೊದಲು ಸುಮ್ಮನಿದ್ದಿದ್ದು ಯಾಕೆ, ಈಗ ಮಾತಾಡೋದು ಯಾಕೆ, ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಅನ್ಸುತ್ತೆ ನನಗೆ. ಆಗ ಶಕ್ತಿ ಇರಲಿಲ್ಲ, ಈಗ ಇದೆ, ಇರೋ ಶಕ್ತಿಯನ್ನ ಆಗ ತಮ್ಮ ಹಾಗೇ ಇದ್ದೋರಿಗೆ ಕೊಡ್ತಿದಾರೆ.

ಕಾನ್ಸರ್ಟ್‌ನಲ್ಲಿ ಒಂದು ಹಾಡಿಗೆ, ಅರಬ್ ಸ್ಟ್ರಾಪ್ ಆಲ್ಬಮ್‌ನ ಅದೇ ಹೆಸರಿನ ಹಾಡಿಗೆ, ಸಭಿಕರನ್ನ ಸ್ಟೇಜ್ ಮೇಲೆ ಕರೆಯೋ ರೂಢಿ ಇದೆ. ಆರ್ಗನ್ ಶುರುವಾದ ಕೂಡ್ಲೇ ಜನ ಹತ್ತಿ ಬರ್ತಾರೆ, ಕೆಲವ್ರಿಗೆ ಕುಣಿಯಕ್ಕೆ ಬರುತ್ತೆ, ಹೆಚ್ಚಿನವ್ರಿಗೆ ಬರಲ್ಲ, ಕೈ ಎಲ್ಲಿಡ್ಬೇಕು ಅಂತ ತಿಳೀದೇ ನಗ್ತಾ ನಿಂತಿರ್ತಾರೆ, ಒಬ್ಬರು ಕೀಬೋರ್ಡ್ ಪಕ್ಕ, ಒಬ್ಬರು ಡ್ರಮ್ ಪಕ್ಕ, ಮರ್ಡಾಕ್ ಅವ್ರ ಮಧ್ಯೆ ಓಡಾಡ್ಕೊಂಡು ಹಾಡ್ತಿರ್ತಾರೆ. ವಿಡಿಯೋ ನೋಡಿದ್ರೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ, ಮೇಲೆ ಹತ್ತಿದೋರಲ್ಲಿ ಎಷ್ಟೋ ಜನ ಹಾಡುಗಾರನ್ನ ನೋಡ್ತಾನೇ ಇರಲ್ಲ, ಪಕ್ಕದಲ್ಲಿ ಕುಣೀತಿರೋ ಅಪರಿಚಿತರನ್ನ ನೋಡ್ತಿರ್ತಾರೆ.

ಹೊಸದಾಗಿ ಕೇಳೋರು ಎಲ್ಲಿಂದ ಶುರು ಮಾಡ್ಬೇಕು ಅನ್ನೋದರಲ್ಲಿ ಫ್ಯಾನ್‌ಗಳಿಗೆ ಒಮ್ಮತ ಇಲ್ಲ. ಟೈಗರ್‌ಮಿಲ್ಕ್‌ನಿಂದಾನೇ ಅನ್ನೋರು ಒಂದು ಗುಂಪು. ನಾನು ಕೆಂಪು ಕವರ್ ಕೈಗೆ ಕೊಡ್ತೀನಿ, ಹತ್ತು ಹಾಡು, ಒಂದೂ ತೆಗೆದು ಹಾಕೋ ಹಾಗಿಲ್ಲ. ಅದು ಹಿಡಿಸಿದ್ರೆ 1997ರ ಮೂರು ಇಪಿಗಳು, ಅಂದ್ರೆ ನಾಲ್ಕೇ ಹಾಡಿನ ಪುಟ್ಟ ರೆಕಾರ್ಡ್‌ಗಳು, ಅದ್ರಲ್ಲೂ ಹಾಡುಗಾರ್ತಿ ಮೋನಿಕಾ ಕ್ವೀನ್ ಜೊತೆ ಚರ್ಚ್ ಹಾಲಿನಲ್ಲಿ ರೆಕಾರ್ಡ್ ಮಾಡಿದ್ದು, ಕೊನೇ ನಿಮಿಷಗಳಲ್ಲಿ ಆ ಹಾಲಿನ ಗೋಡೆಗಳೇ ಜೊತೆಗೆ ಹಾಡ್ತಿದಾವೆ ಅನ್ನೋ ಹಾಗೆ ಏರುತ್ತಲ್ಲ, ಅದನ್ನ ದಯವಿಟ್ಟು ಜೋರಾಗಿ ಕೇಳಿ. ಇಪಿಯ ಹಾಡುಗಳನ್ನ ಅವ್ರು ಆಲ್ಬಮ್‌ಗೆ ಸೇರಿಸ್ತಿರಲಿಲ್ಲ, ಹಾಗಾಗಿ ಎಷ್ಟೋ ಜನ ಅವನ್ನ ಕೇಳದೇನೇ ಮುಂದೆ ಹೋಗ್ತಾರೆ, 2005ರಲ್ಲಿ ಎಲ್ಲಾ ಸೇರಿಸಿ ಎರಡು ಸಿಡಿಯ ಸಂಗ್ರಹ ಬಂದಿದೆ, ಅದು ಸಿಕ್ಕರೆ ಸಾಕು. ಕೇಳಿ ಆದ್ಮೇಲೆ ಯಾವುದು ಹಿಡಿಸ್ತು ಅಂತ ನನಗೆ ಬರೀರಿ. ನನ್ನ ಮೊದಲ ಆಯ್ಕೆ ಯಾವುದು ಅಂತ ಈಗ ಹೇಳಲ್ಲ, ನೀವು ಮೊದಲು ಹೇಳಿ.